ಸೈಕಲ್ ದೀಪ: ಹೆಚ್ಚು ಲುಮೆನ್ ಎಂದರೆ ಹೆಚ್ಚು ಸುರಕ್ಷತೆಯಲ್ಲ

‘ಮುಂದೀಪ 1000 ಲುಮೆನ್‌ನದ್ದಿರಲಿ, ಸದಾ ಮಿನುಗುತ್ತಿರಲಿ, ಕಣ್ಣಿಗೆ ಕುಕ್ಕಿದಷ್ಟೂ ಸುರಕ್ಷಿತ’ ಎಂಬ ಸಂದೇಶವೊಂದು ಮಂಗಳೂರು, ಉಡುಪಿಯ ಸೈಕಲ್ ಸವಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಲುಮೆನ್ ಎಂಬುದು ದೀಪ ಹೊಮ್ಮಿಸುವ ಒಟ್ಟು ಬೆಳಕಿನ ಅಳತೆಯೇ ಹೊರತು, ಆ ಬೆಳಕು ರಸ್ತೆಯ ಮೇಲೆ ಬೀಳುತ್ತದೆಯೋ ಎದುರಿನವರ ಕಣ್ಣಿಗೆ ಬೀಳುತ್ತದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಒಂದು ಕ್ಷಣದ ಪ್ರಖರ ಬೆಳಕು ಸಾಕು. ಮಳೆಗಾಲದ ನಸುಕಿನಲ್ಲಿ ಮಲ್ಪೆಯ ದಾರಿಯಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದ ಮಹಿಳೆಯೊಬ್ಬರು ನನ್ನ ದೀಪಕ್ಕೆ ಅಂಗೈ ಅಡ್ಡ ಹಿಡಿದು, ರಸ್ತೆಯಂಚಿನ ನೀರಿನ ಹೊಂಡಕ್ಕೆ ಕಾಲಿಟ್ಟುದನ್ನು ನಾನು ಮರೆತಿಲ್ಲ. ಎದುರಿನ ಚಾಲಕನಿಗೆ ಕಣ್ಣು ಕತ್ತಲಿಟ್ಟರೆ ಅಪಾಯ ನಮಗೂ ತಪ್ಪಿದ್ದಲ್ಲ.

ಮಿನುಗುವ ಮುಂದೀಪದಿಂದ ಸೈಕಲ್ ಗಮನಕ್ಕೆ ಬರುವುದು ನಿಜವಾದರೂ, ಅದರ ದೂರ ಮತ್ತು ವೇಗವನ್ನು ಕತ್ತಲಲ್ಲಿ ಅಂದಾಜಿಸುವುದು ಕಷ್ಟ. ಜರ್ಮನಿಯ ನಿಯಮಗಳು ಅಲ್ಲಿನ ರಸ್ತೆಗಳಲ್ಲಿ ಅದಕ್ಕೆ ಅನುಮತಿಯನ್ನೇ ನೀಡುವುದಿಲ್ಲ.

ದೀಪವನ್ನು ಬಾಗಿಸುವುದೇ ಮುಖ್ಯ. ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ದೀಪ 5 ಮೀಟರ್ ದೂರದಲ್ಲಿರುವಂತೆ ಸೈಕಲ್ ನಿಲ್ಲಿಸಿ, ಬೆಳಕಿನ ನಡುಭಾಗ ಗೋಡೆಯ ಮೇಲೆ, ನೆಲದಿಂದ ದೀಪವಿರುವ ಎತ್ತರದ ಅರ್ಧಕ್ಕೆ ಬೀಳುವಂತೆ ಹೊಂದಿಸಿದರೆ, ರಸ್ತೆಯಲ್ಲಿ ಅದು ಸುಮಾರು 10 ಮೀಟರ್ ಮುಂದೆ ಬೀಳುತ್ತದೆ. ಬೀದಿದೀಪಗಳಿರುವ ಕಡೆ ಕಡಿಮೆ ಪ್ರಖರತೆ ಸಾಕು. ಹಿಂದಿನ ಕೆಂಪು ದೀಪವನ್ನು, ಗುಂಪಿನಲ್ಲಿ ಸಾಗುವಾಗಲಂತೂ, ಮಿನುಗಿಸದೆ ಸ್ಥಿರವಾಗಿಡಿ.