ಹೋಟೆಲಿನೊಳಗೆ ಜಪಾನಿನ ಹಳೇ ಮನೆ: ಬೇಕಾ, ಬೇಡವಾ?

ಪರ: ಆ ಕೈಗಳಿಗೆ ಕೆಲಸ ಕೊಡಿ

ಜಪಾನಿನ ದಜಾಯಿಫು ಊರಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಒಂದು ಸ್ಟಾರ್‌ಬಕ್ಸ್ ಇದೆ. ಶುರುವಾದದ್ದು 2011ರಲ್ಲಿ, ವಿನ್ಯಾಸ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ಅವರದು. ಒಳಗೆ ಸುಮಾರು 2,000 ಮರದ ಪಟ್ಟಿಗಳು ಓರೆಯಾಗಿ ಹೆಣೆದುಕೊಂಡು ಗೋಡೆ, ಸೂರು ಎಲ್ಲವನ್ನೂ ತುಂಬಿವೆ. ಕಾಫಿ ಅಂಗಡಿಯೇ ಇಷ್ಟು ಮಾಡಿದೆ. ಜಪಾನಿ ಊಟ ಬಡಿಸುವ ಹೋಟೆಲಿನವರು ತಮ್ಮ ಒಳಾಂಗಣವನ್ನು ಹಳೇ ಜಪಾನಿ ಮನೆಯ ಹಾಗೆ ಮಾಡಿಸಬಾರದಾ?

ನಾನು ಬಡಗಿಗಳ ಮನೆಯಲ್ಲಿ ಬೆಳೆದವನು. ಕುಮಿಕೊ ಅನ್ನುವ ಜಪಾನಿನ ಮರದ ಜಾಲರಿಯ ಒಂದು ತುಂಡನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಮೊಳೆ ಎಲ್ಲಿದೆ ಅಂತ ಹುಡುಕಿದೆ. ಇರಲಿಲ್ಲ. ತೆಳ್ಳನೆ ಕಡ್ಡಿಗಳು, ಒಂದೊಂದಕ್ಕೂ ಕಚ್ಚು. ಒಂದು ಕಚ್ಚು ಕೂದಲೆಳೆಯಷ್ಟು ಸಡಿಲವಾದರೂ ಜಾಲರಿಯ ಇಡೀ ಹೂವಿನ ವಿನ್ಯಾಸ ಅಲ್ಲಾಡುತ್ತದೆ. ಅಂಥ ಕೈ ಪಳಗಲು ವರ್ಷಗಟ್ಟಲೆ ಬೇಕು. ಮರದ ಕಟ್ಟಡ ಕಾಪಾಡುವ ಜಪಾನಿನ ಕಸುಬುಗಳನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಸಂತೋಷ. ಆದರೆ ಪಟ್ಟಿಯಿಂದ ಹೊಟ್ಟೆ ತುಂಬುತ್ತದಾ? ಕೆಲಸ ಬರಬೇಕು. ಅಲ್ಲಿನ ಹೊಸ ಮನೆಗಳಲ್ಲಿ ತತಾಮಿ ಕೋಣೆ, ಅಂದರೆ ಜೊಂಡಿನ ಚಾಪೆ ಹಾಸಿದ ಕೋಣೆ, ಕಡಿಮೆಯಾಗಿದೆ. ಹೋಟೆಲಿನವರಾದರೂ ಮಾಡಿಸಲಿ.

ಶೋಜಿ ಅನ್ನುವ ಮರದ ಚೌಕಟ್ಟಿನ ಜಾರುಬಾಗಿಲಿಗೆ ಅಂಟಿಸುವ ವಾಶಿ, ಅಂದರೆ ಜಪಾನಿ ಕಾಗದದ ಹಿಂದೆ ದೀಪ ಇಟ್ಟು ನೋಡಿ. ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ಸೂಪಿನ ಬಟ್ಟಲಿಂದ ಏಳುವ ಹಬೆಯೂ ಕಾಣುತ್ತದೆ. ದುಬಾರಿ ಅನ್ನುವವರಿಗೆ ಪ್ಲಾಸ್ಟಿಕ್ ಕುರ್ಚಿಯೇ ಸಾಕು, ಬಿಡಿ.

ವಿರೋಧ: ಅಮ್ಮನ ಮಂಡಿ

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಆ ಮರದ ಕೆಲಸ ನನಗೂ ಇಷ್ಟವೇ. ಕಸುಬು ಉಳಿಸುವುದನ್ನು ಸರ್ಕಾರ ನೋಡಿಕೊಳ್ಳಲಿ. ನನ್ನ ತಕರಾರು ಕೂರುವ ಜಾಗದ್ದು.

ಕಳೆದ ವರ್ಷ ಅಮ್ಮನನ್ನು ಬೆಂಗಳೂರಿನ ಒಂದು ಜಪಾನಿ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಚಪ್ಪಲಿ ಬಿಟ್ಟು ಹತ್ತಬೇಕು, ಚಾಪೆ ಮೇಲೆ ಕೂರಬೇಕು. ಅಮ್ಮ ನೆಲದ ಮೇಲೇ ಉಂಡು ಬೆಳೆದವಳು. ಆದರೆ ಈಗ ಎರಡೂ ಮಂಡಿ ನೋವು. ಆಸರೆಗೆ ಗೋಡೆ ಹಿಡಿಯೋಣ ಅಂದರೆ ಅದು ಕಾಗದದ ಬಾಗಿಲು. ನಾನೂ ತಮ್ಮನೂ ರಟ್ಟೆ ಹಿಡಿದು ಕೂರಿಸಿದೆವು. ಕೂತಾಗಿನಿಂದ ಅವಳಿಗೆ ಏಳುವುದು ಹೇಗೆ ಅನ್ನುವುದೇ ಚಿಂತೆ. "ನೀವು ತಿನ್ರಪ್ಪಾ, ನಂಗೆ ಸಾಕು" ಅಂತ ಬಟ್ಟಲು ಸರಿಸಿಬಿಟ್ಟಳು.

ಜಪಾನಿನವರು ಇದಕ್ಕೂ ದಾರಿ ಕಂಡುಕೊಂಡಿದ್ದಾರೆ. ಮೇಜಿನ ಕೆಳಗೆ ನೆಲ ತಗ್ಗಿಸಿ, ಕಾಲು ಇಳಿಬಿಟ್ಟು ಕೂರುವ ಹಾಗೆ ಮಾಡುತ್ತಾರೆ. ಹೊರಿಗೊತಾತ್ಸು ಅಂತಾರೆ ಅದಕ್ಕೆ. ನಾವು ಹೋದ ಕಡೆ ಚಾಪೆ, ಬಾಗಿಲು, ದೀಪ ಎಲ್ಲಾ ತಂದಿದ್ದರು, ಅದೊಂದನ್ನು ಬಿಟ್ಟಿದ್ದರು. ಚಾಪೆಯೂ ಜೊಂಡಿನದು. ಸಾಸ್ ಚೆಲ್ಲಿದರೆ ಕಲೆ, ತೇವ ಹಿಡಿದರೆ ಬೂಷ್ಟು.

ವಾಪಸ್ ಬರುವಾಗ ಆಟೋ ನಿಲ್ಲಿಸಿ, ಕುರ್ಚಿ ಇರುವ ಕಡೆ ಅಮ್ಮನಿಗೆ ಎರಡು ಇಡ್ಲಿ ತಿನ್ನಿಸಿದೆ.