ಸಾವಿರ ವರ್ಷಕ್ಕೊಂದು ಗಿಣಿ

ಆಸ್ಟ್ರೇಲಿಯಾದ ರಾಜಕಾರಣಿಗಳಿಗೆ ವನ್ಯಜೀವಿಗಳ ಮೇಲೆ ಕರುಣೆಯಿಲ್ಲ ಎಂದು ದೂರುವವರು 2006ರ ಏಪ್ರಿಲ್ ತಿಂಗಳನ್ನು ಮರೆತಿರಬೇಕು. ವಿಕ್ಟೋರಿಯಾ ರಾಜ್ಯದ ಬಾಲ್ಡ್ ಹಿಲ್ಸ್‌ನಲ್ಲಿ 52 ಗಾಳಿಯಂತ್ರಗಳನ್ನು ನೆಡುವ ಯೋಜನೆಗೆ ಅಂದಿನ ಕೇಂದ್ರ ಪರಿಸರ ಸಚಿವ ಇಯಾನ್ ಕ್ಯಾಂಪ್‌ಬೆಲ್ ಅಡ್ಡಗಾಲು ಹಾಕಿದರು. ಕಾರಣ, ಅಳಿವಿನಂಚಿನಲ್ಲಿರುವ ಕಿತ್ತಳೆ ಹೊಟ್ಟೆಯ ಗಿಣಿ.

ತಜ್ಞರ ವರದಿ ಹೇಳಿದ್ದಿಷ್ಟು: ಆ ಯಂತ್ರಗಳ ರೆಕ್ಕೆಗೆ ಸಿಕ್ಕಿ 600ರಿಂದ 1000 ವರ್ಷಗಳಲ್ಲಿ ಸುಮಾರು ಒಂದು ಗಿಣಿ ಸಾಯಬಹುದು. ಗಾಳಿಯಂತ್ರದ ಆಯುಸ್ಸು ಇಪ್ಪತ್ತೈದು ವರ್ಷವೆಂದು ಹಿಡಿದರೂ, ಒಂದೇ ಒಂದು ಗಿಣಿಯನ್ನು ಬಲಿ ಪಡೆಯಲು ಇಡೀ ಸ್ಥಾವರವನ್ನು ಕನಿಷ್ಠ ಇಪ್ಪತ್ತನಾಲ್ಕು ಸಲ ನೆಡಬೇಕು. ಮುಂದಿನ ಚುನಾವಣೆಯಾಚೆಗೆ ಕಣ್ಣು ಹಾಯಿಸದ ಕುಲದಲ್ಲಿ ಇಂಥ ದಾರ್ಶನಿಕರೊಬ್ಬರು ಹುಟ್ಟಿದ್ದು ಪುಣ್ಯವೇ ಸರಿ! ಗಾಳಿಯಂತ್ರ ಬೇಡವೆನ್ನುತ್ತಿದ್ದ ಆ ಭಾಗದ ಮತದಾರರಿಗೆ 2004ರ ಚುನಾವಣೆಯಲ್ಲಿ ಕ್ಯಾಂಪ್‌ಬೆಲ್ ಅವರ ಲಿಬರಲ್ ಪಕ್ಷ ಮಾತು ಕೊಟ್ಟಿತ್ತು ಎಂಬ ಕ್ಷುಲ್ಲಕ ಸಂಗತಿಯನ್ನು ಇಲ್ಲಿ ಎತ್ತಿದರೆ ಗಿಣಿಗೇ ಅವಮಾನ.

ಅದೇ ಲಿಬರಲ್ ಪಕ್ಷದ ಜೆಫ್ ಕೆನೆಟ್ 1990ರ ದಶಕದಲ್ಲಿ ವಿಕ್ಟೋರಿಯಾದ ಪ್ರೀಮಿಯರ್, ಅಂದರೆ ನಮ್ಮಲ್ಲಿನ ಮುಖ್ಯಮಂತ್ರಿಯಂತೆ, ಆಗಿದ್ದರು. ಮೆಲ್ಬರ್ನ್‌ನ ರಾಸಾಯನಿಕ ದಾಸ್ತಾನನ್ನು ಕರಾವಳಿಯ ಪಾಯಿಂಟ್ ಲಿಲಿಯಾಸ್‌ಗೆ ಸಾಗಿಸುವ ಯೋಚನೆ ಬಂದಾಗ ಇದೇ ಗಿಣಿ ಅಡ್ಡ ಬಂತು. ಅಲ್ಲಿ ಹಿಂಡುಹಿಂಡಾಗಿ ಗದ್ದಲವೆಬ್ಬಿಸುವ ಮಾಮೂಲಿ ಕೊರೆಲ್ಲಾ ಹಕ್ಕಿಗೆ ಹೋಲಿಸಿ ಅವರು ಇದನ್ನು ಹೀಯಾಳಿಸಿದರು. ರಾಸಾಯನಿಕದ ಎದುರು ನಿಂತರೆ ಪೀಡೆ, ಗಾಳಿಯಂತ್ರದ ಎದುರು ನಿಂತರೆ ಕುಲದೇವತೆ. ಗಿಣಿಗೇನು ಗೊತ್ತು, ತಾನು ಎಲ್ಲಿ ನಿಂತಿದ್ದೇನೆಂದು?

ಗೊತ್ತಾಗಲು ಅದಕ್ಕೆ ಪುರುಸೊತ್ತೂ ಇಲ್ಲ. ಐವತ್ತು ಗ್ರಾಮೂ ತೂಗದ ಈ ಹಕ್ಕಿ ನೈಋತ್ಯ ಟಾಸ್ಮೇನಿಯಾದ ಮೆಲಲೂಕಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಬಾಸ್ ಜಲಸಂಧಿ ದಾಟಿ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಗೆ ಬರುತ್ತದೆ. ಬಂದರೆ, ಅದು ಕಾಳು ಹೆಕ್ಕುತ್ತಿದ್ದ ಉಪ್ಪು ಜೌಗಿನ ಎಷ್ಟೋ ಭಾಗ ಮನುಷ್ಯರ ಪಾಲಾಗಿದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅತ್ತ ಮೆಲಲೂಕಾದಲ್ಲಿ ಪ್ರತಿ ವಸಂತದಲ್ಲೂ ಸ್ವಯಂಸೇವಕರು ಕಾಳಿನ ತಟ್ಟೆಯತ್ತ ದೂರದರ್ಶಕ ತಿರುಗಿಸಿ ಕೂರುತ್ತಾರೆ. ಹಸಿರು ರೆಕ್ಕೆಯೊಂದು ತಟ್ಟೆಯ ಅಂಚಿಗೆ ಇಳಿದರೆ, ಕಡ್ಡಿಯಷ್ಟು ಸಣ್ಣ ಕಾಲಿನ ಬಣ್ಣದ ಬಳೆಯ ಮೇಲಿನ ಅಕ್ಷರವನ್ನು ಕಣ್ಣು ಕಿರಿದಾಗಿಸಿ ಓದಿ, ಯಾವ ಹಕ್ಕಿ ಮರಳಿತೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. 2016ರಲ್ಲಿ ಹಾಗೆ ಮರಳಿದವು ಕೇವಲ 17. ಪಂಜರದಲ್ಲಿ ಬೆಳೆಸಿದ ಹಕ್ಕಿಗಳನ್ನು ವರ್ಷವರ್ಷವೂ ಹಾರಿಬಿಟ್ಟ ಮೇಲೆ ಈಚೆಗೆ ಆ ಸಂಖ್ಯೆ ಎಪ್ಪತ್ತು ದಾಟಿದೆ. ಈ ಕೆಲಸದಲ್ಲಿ ಪತ್ರಿಕಾಗೋಷ್ಠಿಗೆ ಒದಗುವಂಥ ರೋಚಕತೆ ಏನೂ ಇಲ್ಲ, ಬಿಡಿ.

ಅಂದ ಹಾಗೆ, 2006ರ ಡಿಸೆಂಬರಿನಲ್ಲಿ ಕ್ಯಾಂಪ್‌ಬೆಲ್ ಅವರೇ ಬಾಲ್ಡ್ ಹಿಲ್ಸ್ ಯೋಜನೆಗೆ ಒಪ್ಪಿಗೆ ಕೊಟ್ಟರು. ಸಾವಿರ ವರ್ಷದ ಚಿಂತೆ ಎಂಟೇ ತಿಂಗಳಲ್ಲಿ ತೀರಿತು. 52 ಯಂತ್ರಗಳು ಈಗ ನಿಶ್ಚಿಂತೆಯಿಂದ ತಿರುಗುತ್ತಿವೆ. ವರದಿಯ ಲೆಕ್ಕದಂತೆ ಮೊದಲ ಗಿಣಿಯ ಸರದಿ ಬರಲು ಇನ್ನೂ ಸುಮಾರು ಆರು ಶತಮಾನ ಬೇಕು. ಅಲ್ಲಿಯವರೆಗೆ ಸಂತತಿ ಉಳಿಸಿಕೊಂಡು ಹೋಗುವ ಜವಾಬ್ದಾರಿ ಮಾತ್ರ ಗಿಣಿಯದು.