ಕೆಂಪು ಹನಿ ಕಂಡ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಡಿ

ಹಳೇ ಆಟೋಮ್ಯಾಟಿಕ್ ಕಾರಿನಡಿ ಕೆಂಪು ಗೇರ್‌ಬಾಕ್ಸ್ ಆಯಿಲ್ ಬಿದ್ದರೆ ಗೇರ್‌ಬಾಕ್ಸ್ ಇಳಿಸುವುದೇ ದಾರಿ ಎಂದು ಲೇಖನವೊಂದರಲ್ಲಿ ಓದಿದೆ. ಅಷ್ಟು ಅವಸರ ಯಾಕೆ ಮಾರಾಯ್ರೆ? ನಮ್ಮ ಮಂಗಳೂರಲ್ಲಿ ಮೊದಲು ನೋಡಬೇಕಾದ್ದು ಕೂಲರ್ ಪೈಪ್, ಅಂದ್ರೆ ಆಯಿಲ್ ತಣ್ಣಗಾಗಲು ಹೋಗುವ ಪೈಪ್. ಗೇರ್‌ಬಾಕ್ಸಿನಿಂದ ರೇಡಿಯೇಟರ್‌ಗೆ ಹೋಗುವ ಈ ಪೈಪಿಗೆ ಉಪ್ಪುಗಾಳಿ, ಮಳೆಗಾಲದ ಕೆಸರು ಎರಡೂ ಸೇರಿ ತುಕ್ಕು ಹಿಡಿಯುತ್ತದೆ. ಪಣಂಬೂರು, ಸುರತ್ಕಲ್ ಬದಿಯ ಗಾಡಿಗಳಲ್ಲಂತೂ ಕೇಳುವುದೇ ಬೇಡ. ಕ್ಲಾಂಪ್ ಕೂತ ಜಾಗ, ರಬ್ಬರ್ ಹೋಸ್ ಸೇರುವ ತುದಿ, ಅಲ್ಲಿ ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿರಲಿ.

ಒದ್ದೆಯಿರುವ ಕಡೆಯೇ ಲೀಕ್ ಅಂತ ಅಲ್ಲ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಅಡಿಭಾಗ ಚೆನ್ನಾಗಿ ತೊಳೆದು, ಒಂದು ಸುತ್ತು ಓಡಿಸಿ, ಎಲ್ಲಕ್ಕಿಂತ ಮೇಲೆ, ಮುಂದೆ ಎಲ್ಲಿ ತೇವ ಇದೆ ನೋಡಿ. ಬರೀ ನೀರಾದರೆ ಅದು ಎಸಿಯದ್ದು, ಸುಮ್ನೆ ಬಿಡಿ.

ಪ್ಯಾನ್ ಗ್ಯಾಸ್ಕೆಟ್ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆಯ ಸೀಲ್) ಸೋರಿದರೆ ಬೋಲ್ಟ್‌ಗಳನ್ನು ಸಿಕ್ಕಾಪಟ್ಟೆ ಬಿಗಿಯುವವರಿದ್ದಾರೆ. ತಗಡು ಸೊಟ್ಟಗಾಗಿ ಲೀಕ್ ಇನ್ನೂ ಜಾಸ್ತಿ ಆಗುತ್ತದೆ, ಅಷ್ಟೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನಿಂದ ಕೆಂಪು ಬಂದರೆ ಮಾತ್ರ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸೀಲ್ ಮೇಲೆ ಸಂಶಯ. ಆಗ ಇಳಿಸಲೇಬೇಕು.

ಹೊರಗೆ ಹನಿಯೇ ಇಲ್ಲದೆ ಲೆವೆಲ್ ಇಳಿದು, ಆಯಿಲ್ ಗುಲಾಬಿ ಮಿಲ್ಕ್‌ಶೇಕ್‌ನಂತಾದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಆಯಿಲಿಗೆ ಸೇರಿದೆ. ಗಾಡಿ ಓಡಿಸಲೇಬೇಡಿ.

ಅಂದಹಾಗೆ, ಉಡುಪಿ ಕಡೆ ಕೂಲರ್ ಪೈಪ್ ಅಳತೆಗೆ ಬಗ್ಗಿಸಿ ಕೊಡುವವರು ಯಾರಾದರೂ ಇದ್ದಾರಾ?